ಲಂಗಕ್ಕೊಂದು ಜೇಬು

ನಮ್ಮ ಮನೆಯ ಹಾಲಿನಲ್ಲಿ ಟೀವಿ ಪಕ್ಕ ಒಂದು ಫೋಟೋ ಇದೆ. ಮೂರು ವರ್ಷದ ಮಗು. ಜರಿ ಅಂಚಿನ ಹಸಿರು ಲಂಗ, ಕೊರಳಿಗೆ ಅಜ್ಜಿಯ ಕಾಸಿನ ಸರ, ಕೈತುಂಬ ಬಳೆ. ಹಿಂದೆ ಒಂದು ಕನ್ನಡಿ ಇಟ್ಟಿದ್ದಾರೆ, ಅದರಲ್ಲಿ ಮೊಗ್ಗಿನ ಜಡೆ ಕಾಣುತ್ತದೆ. ಇದ್ದ ಕೂದಲು ಸಾಲದೆ ಚೌರಿ ಸೇರಿಸಿ ಹೆಣೆದ ಜಡೆ. ಮಗುವಿನ ಮುಖ ನೋಡಿದರೆ ಅಳು ಈಗಷ್ಟೇ ನಿಂತಿದೆ, ಇನ್ನೊಂದು ನಿಮಿಷಕ್ಕೆ ಮತ್ತೆ ಶುರುವಾಗುತ್ತದೆ ಅನ್ನಿಸುತ್ತದೆ. ಮನೆಗೆ ಬಂದವರು ‘ಯಾರಿದು, ನಿಮ್ಮ ಅಕ್ಕನಾ?’ ಅಂತಾರೆ. ಅಲ್ಲ, ನಾನು.

ಗಂಡುಮಗುವಿಗೆ ಮುಡಿ ಕೊಡುವ ಮುಂಚೆ ಒಂದು ಸಲ ಜಡೆ ಹೆಣೆದು, ಲಂಗ ಹಾಕಿ ಫೋಟೋ ತೆಗೆಸುವುದು ನಮ್ಮ ಎಷ್ಟೋ ಮನೆಗಳಲ್ಲಿ ರೂಢಿ. ನನ್ನದು 1984ರಲ್ಲಿ, ಹನುಮಂತನಗರದ ಒಂದು ಸ್ಟುಡಿಯೋದಲ್ಲಿ. ಇದಕ್ಕೆ ಸರಿಯಾಗಿ ನೂರು ವರ್ಷ ಮುಂಚೆ, 1884ರಲ್ಲಿ, ಅಮೆರಿಕದಲ್ಲಿ ಇನ್ನೊಂದು ಗಂಡುಮಗು ಹೀಗೇ ಕೂತಿತ್ತು. ಭುಜದವರೆಗೆ ಕೂದಲು, ಬಿಳಿ ಗೌನು, ತೊಡೆಯ ಮೇಲೆ ಗರಿ ಸಿಕ್ಕಿಸಿದ ಟೋಪಿ. ದೊಡ್ಡದಾದ ಮೇಲೆ ಆ ಮಗು ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಗಿ ನಾಲ್ಕು ಸಲ ಅಧ್ಯಕ್ಷಗಿರಿ ಗೆದ್ದಿತು. ಆಗ ಅಲ್ಲಿ ಆರೇಳು ವರ್ಷದವರೆಗೂ ಗಂಡುಮಕ್ಕಳಿಗೆ ಗೌನೇ ಹಾಕುತ್ತಿದ್ದರಂತೆ. ಗುಂಡಿ ಬಿಚ್ಚಲು ಬಾರದ ವಯಸ್ಸಿನಲ್ಲಿ ಅವಸರವಾದರೆ ಎತ್ತಿದರಾಯಿತು. ಇದರ ಹಿಂದೆ ಯಾವ ಸಿದ್ಧಾಂತವೂ ಇರಲಿಲ್ಲ, ಬಟ್ಟೆ ಒಗೆಯುವವರ ಅನುಕೂಲ ಇತ್ತು.

ರೂಸ್‌ವೆಲ್ಟ್ ಗೆದ್ದರು, ನಾನು ಬೆಂಗಳೂರಿನಲ್ಲಿ ಕೆಲಸ ಹಿಡಿದೆ. ಲಂಗದಿಂದ ಇಬ್ಬರಿಗೂ ಏನೂ ಆಗಲಿಲ್ಲ. ಹೀಗಿದ್ದೂ ಹೋದ ವರ್ಷ ನನ್ನ ಆರು ವರ್ಷದ ಮಗ ‘ಅಪ್ಪಾ, ನಂಗೂ ಲಂಗ ಬೇಕು’ ಅಂದಾಗ ನನ್ನ ಬಾಯಿಂದ ಮೊದಲು ಬಂದದ್ದು, ‘ಯಾಕೆ?’

ಯಾಕೆ ಅಂದರೆ ನಮ್ಮ ಅಕ್ಕನ ಮಗಳು ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಲಂಗ ಹಾಕಿಕೊಂಡು ಬಂದು ನಡುಮನೆಯಲ್ಲಿ ಗಿರ್ರನೆ ತಿರುಗಿದ್ದಳು. ಲಂಗ ಕೊಡೆಯ ಹಾಗೆ ಅರಳಿತ್ತು. ಇವನೂ ಪಕ್ಕದಲ್ಲಿ ನಿಂತು ತಿರುಗಿದ. ಇವನ ಚಡ್ಡಿ ಅರಳಲಿಲ್ಲ. ವಿಷಯ ಅಷ್ಟೇ.

ನಾನು ಗಾಂಧಿ ಬಜಾರಿಗೆ ಕರೆದುಕೊಂಡು ಹೋದೆ, ಅಲ್ಲಿಗೆ ಹೋಗುವಷ್ಟರಲ್ಲಿ ಮರೆಯುತ್ತಾನೆ ಅಂದುಕೊಂಡು. ಮರೆಯಲಿಲ್ಲ. ಅಂಗಡಿಯವನು ಕೇಳಿದ: ‘ಮಗಳಿಗೆ ಎಷ್ಟು ವರ್ಷ ಸಾರ್?’ ನಾನು ‘ಆರು’ ಅಂದುಬಿಟ್ಟೆ. ಇಲ್ಲದ ಮಗಳೊಬ್ಬಳು ಆ ಕ್ಷಣ ಹುಟ್ಟಿದಳು. ಅವನು ನೀಲಿ ಲಂಗವೊಂದನ್ನು ಬಿಡಿಸಿ ನನ್ನ ಮಗನ ಸೊಂಟಕ್ಕೆ ಹಿಡಿದು ನೋಡಿದ. ‘ಇವನಷ್ಟೇ ಇದಾಳಾ?’ ‘ಹ್ಞೂಂ, ಇಬ್ಬರದೂ ಒಂದೇ ಸೈಜು.’ ಮಗ ನನ್ನ ಮುಖ ನೋಡಿದ. ‘ನಮ್ಮನೇಲಿ ಇರೋದು ನಾನೊಬ್ಬನೇ. ಇದು ನಂಗೆ.’

ಅಂಗಡಿಯವನಿಗೆ ಇದರಿಂದ ಏನೂ ಆಗಲಿಲ್ಲ. ‘ಹಂಗಾದ್ರೆ ಉದ್ದ ಸರಿ ಇದೆ. ಕೆಳಗೆ ಎರಡು ಮಡಿಕೆ ಹಾಕಿ ಹೊಲಿದಿದೀವಿ, ಬೆಳೆದ ಹಾಗೆ ಬಿಚ್ಚಿಸ್ಕೊಳ್ಳಿ’ ಅಂದು ಕವರಿಗೆ ಹಾಕಿದ. ಬೆವತದ್ದು ನಾನು.

ವಾಪಸ್ ಬರುತ್ತಾ ನನಗೆ ಆ ಮಾಲಿನ ಕತೆ ನೆನಪಾಯಿತು. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದಕ್ಕೆ ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ಪಂಚೆ ಉಟ್ಟಿದ್ದಾರೆ ಅಂತ ಬಾಗಿಲಲ್ಲೇ ತಡೆದರು. ಊರೆಲ್ಲ ಸಿಟ್ಟಿಗೆದ್ದಿತು. ಜನ ಪಂಚೆ ಉಟ್ಟುಕೊಂಡು ಹೋಗಿ ಪ್ರತಿಭಟನೆ ಮಾಡಿದರು, ವಿಧಾನಸಭೆಯಲ್ಲಿ ಗಲಾಟೆಯಾಯಿತು, ಮಾಲನ್ನು ಏಳು ದಿನ ಮುಚ್ಚಿಸುತ್ತೇವೆ ಅಂತ ಸರ್ಕಾರ ಹೇಳಿತು. ‘ಉಡೋದು ಅವರವರಿಷ್ಟ, ಕೇಳೋಕೆ ಇವರ್ಯಾರು’ ಅಂತ ನಾನೂ ನಾಲ್ಕು ಗ್ರೂಪಿಗೆ ಬರೆದಿದ್ದೆ. ಈಗ ಕೈಯಲ್ಲಿ ನೀಲಿ ಲಂಗದ ಕವರು ಹಿಡಿದು, ಯಾರಾದರೂ ನೋಡುತ್ತಾರಾ ಅಂತ ಆಚೀಚೆ ನೋಡುತ್ತಾ ನಡೆಯುತ್ತಿದ್ದೆ. ಆ ಬಾಗಿಲಲ್ಲಿ ನಿಂತಿದ್ದ ಸೆಕ್ಯುರಿಟಿಯವನಿಗೂ ನನಗೂ ಯೂನಿಫಾರ್ಮಿನದಷ್ಟೇ ವ್ಯತ್ಯಾಸ.

ಸುಮ್ನೆ ಯೋಚಿಸಿ. ಪಂಚೆ ಅಂದರೆ ಏನು? ಸೊಂಟಕ್ಕೆ ಸುತ್ತಿಕೊಂಡ ನಾಲ್ಕು ಮೊಳದ ಬಟ್ಟೆ. ಕಾಲಿಗೆ ಬೇರೆ ಬೇರೆ ತೂತಿಲ್ಲ, ಗಾಳಿ ಆಡುತ್ತದೆ. ಅದಕ್ಕೆ ನಾವು ಗಂಡಸಿನ ಗತ್ತು ಅಂತೀವಿ. ಅದೇ ಬಟ್ಟೆಗೆ ನೆರಿಗೆ ಹಿಡಿದು, ಲಾಡಿ ಹಾಕಿ ಹೊಲಿದರೆ ಲಂಗ. ಅಲ್ಲಿಗೆ ಗತ್ತು ಮುಗಿಯಿತು. ಕನ್ನಡಕ್ಕೆ ಈ ಗೊಂದಲ ಇರಲಿಲ್ಲ. ಸುತ್ತಿಕೊಳ್ಳುವುದನ್ನು ಉಡುವುದು ಅಂದರು, ಹೊಲಿದದ್ದನ್ನು ತೊಡುವುದು ಅಂದರು. ಸೀರೆಯನ್ನೂ ಉಡುತ್ತೇವೆ, ಪಂಚೆಯನ್ನೂ ಉಡುತ್ತೇವೆ. ರವಿಕೆಯನ್ನೂ ತೊಡುತ್ತೇವೆ, ಅಂಗಿಯನ್ನೂ ತೊಡುತ್ತೇವೆ. ಭಾಷೆ ನೋಡಿದ್ದು ಹೊಲಿಗೆಯನ್ನು, ಗಂಡಸು ಹೆಂಗಸನ್ನಲ್ಲ. ಈಗ ಬೆಂಗಳೂರಿನಲ್ಲಿ ಎಲ್ಲಕ್ಕೂ ‘ಹಾಕ್ಕೊಳ್ಳೋದು’ ಅಂತ ಒಂದೇ ಮಾತು, ಚಪ್ಪಲಿಯಿಂದ ಹೆಲ್ಮೆಟ್ಟಿನವರೆಗೆ.

ಪ್ಯಾಂಟು ಹುಟ್ಟಿದ್ದು ಕುದುರೆ ಹತ್ತುವವರಿಗೆ ಅನ್ನುತ್ತಾರೆ. ಚೀನಾದ ತುರ್ಫಾನಿನಲ್ಲಿ ಸಮಾಧಿಯಿಂದ ತೆಗೆದ ಉಣ್ಣೆಯ ಪ್ಯಾಂಟಿಗೆ ಸುಮಾರು 3000 ವರ್ಷ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕುದುರೆಗಿಂತ ನಿಧಾನವಾಗಿ ಹೋಗುವ ನನಗೆ ಅದು ಯಾಕೆ ಬೇಕು ಅಂತ ಏಪ್ರಿಲ್ ತಿಂಗಳಲ್ಲಿ ಎಷ್ಟೋ ಸಲ ಅನ್ನಿಸಿದೆ. 2017ರ ಬೇಸಿಗೆಯಲ್ಲಿ ಫ್ರಾನ್ಸಿನ ನಾಂತ್ ಊರಿನ ಬಸ್ ಡ್ರೈವರುಗಳಿಗೂ ಹೀಗೇ ಅನ್ನಿಸಿತಂತೆ. ಚಡ್ಡಿಗೆ ಅನುಮತಿ ಇಲ್ಲ ಅಂದಾಗ ಸ್ಕರ್ಟ್ ಹಾಕಿಕೊಂಡು ಬಸ್ ಓಡಿಸಿದರು. ಅದೇ ವಾರ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಶಾಲೆಯ ಹುಡುಗರು ಇದನ್ನೇ ಮಾಡಿದರು. ನಮ್ಮ ಪಕ್ಕದ ಕೇರಳದ ಬಾಲುಶ್ಶೇರಿಯಲ್ಲಿ 2021ರ ಕೊನೆಗೆ ಹುಡುಗ ಹುಡುಗಿ ಎಲ್ಲರಿಗೂ ಒಂದೇ ಯೂನಿಫಾರ್ಮ್ ಬಂತು. ಒಂದೇ ಅಂದರೆ ಹುಡುಗಿಯರಿಗೂ ಪ್ಯಾಂಟು. ಹುಡುಗರ ಕೈಗೆ ಲಂಗ ಬರಲಿಲ್ಲ. ಸಮಾನತೆಯ ಬಸ್ಸು ಯಾವಾಗಲೂ ಒಂದೇ ದಿಕ್ಕಿಗೆ ಹೊರಡುತ್ತದೆ ನೋಡಿ.

ಮನೆಯಲ್ಲಿ ಅಮ್ಮ ತಕರಾರು ತೆಗೆದಳು. ನಾನು ಫೋಟೋ ತೋರಿಸಿದೆ. ‘ಅದು ಮುಡಿ ಕೊಡೋಕ್ ಮುಂಚೆ ಕಣೋ. ಇವನು ಒಂದನೇ ಕ್ಲಾಸು’ ಅಂದಳು. ಮುಡಿಯ ಜೊತೆಗೇ ಲಂಗವೂ ತಿರುಪತಿಗೆ ಸೇರಿತು ಅನ್ನೋದು ಅವಳ ಲೆಕ್ಕ. ನಾನು ಕರಗದ ಮಾತೆತ್ತಿದೆ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೂವಿನ ಕರಗ ಹೊರಡುವಾಗ, ಅದನ್ನು ಹೊತ್ತ ಗಂಡಸು ಸೀರೆ ಉಟ್ಟಿರುತ್ತಾರೆ, ಕೈಗೆ ಬಳೆ, ಕಣ್ಣಿಗೆ ಕಾಡಿಗೆ, ಕೊರಳಲ್ಲಿ ತಾಳಿ. ಸುತ್ತ ಕತ್ತಿ ಹಿರಿದ ವೀರಕುಮಾರರು ಅವರನ್ನು ಕಾಯುತ್ತಾ ಓಡುತ್ತಾರೆ. ಪೇಟೆಯ ಜನ ಮಲ್ಲಿಗೆ ಎರಚಿ ಕೈ ಮುಗಿಯುತ್ತಾರೆ. ಮಾರನೇ ದಿನ ಅದೇ ಪೇಟೆಯಲ್ಲಿ ಇಬ್ಬರು ಜಗಳಕ್ಕೆ ಬಿದ್ದರೆ ಬಾಯಿಗೆ ಬರುವ ಮೊದಲ ಮಾತು, ‘ನಾನೇನು ಕೈಗೆ ಬಳೆ ತೊಟ್ಕೊಂಡಿದೀನಾ?’

‘ಅದು ದೇವರ ಕೆಲಸ, ಇದು ಇವನ ತಿಕ್ಕಲು’ ಅಂದಳು ಅಮ್ಮ. ಆದರೂ ಲಂಗದ ಲಾಡಿ ಕಟ್ಟಿದವಳು ಅವಳೇ. ನನಗೂ ನನ್ನ ಹೆಂಡತಿಗೂ ಕಟ್ಟಿದ್ದು ಜಾರುತ್ತಿತ್ತು. ಅವಳು ಎಡಕ್ಕೆ ತಂದು, ಒಂದು ಸುತ್ತು ಒಳಗೆ ತೂರಿಸಿ ಜೀರುಗುಣಿಕೆ ಹಾಕಿದಳು.

ಲಿಫ್ಟಿನಲ್ಲಿ ಮೂರನೇ ಮಹಡಿಯವರು ಸಿಕ್ಕರು. ‘ಏನೋ ಪುಟ್ಟ, ಫ್ಯಾನ್ಸಿ ಡ್ರೆಸ್ಸಾ?’ ಹೌದು ಅನ್ನಲು ನಾನು ಬಾಯಿ ತೆರೆದಿದ್ದೆ, ದೇವರೇ ಕಳಿಸಿದ ನೆಪ ಅಂತ. ‘ಅಲ್ಲ ಅಂಕಲ್, ಲಂಗ’ ಅಂದ ಇವನು. ಅವರು ಉಳಿದ ಎರಡು ಮಹಡಿ ಮೊಬೈಲ್ ನೋಡಿಕೊಂಡರು.

ಪಾರ್ಕಿನಲ್ಲಿ ಮಾತ್ರ ಅಷ್ಟು ಸಲೀಸಾಗಲಿಲ್ಲ. ಇಬ್ಬರು ದೊಡ್ಡ ಹುಡುಗರು ‘ಹುಡುಗಿ, ಹುಡುಗಿ’ ಅಂತ ಹಿಂದೆ ಓಡಿದರು. ಇವನು ಬಂದು ನನ್ನ ಪಕ್ಕ ಕಲ್ಲುಬೆಂಚಿನ ಮೇಲೆ ಕೂತ. ಲಂಗವನ್ನು ಮಂಡಿಗೆ ಒತ್ತಿ ಹಿಡಿದುಕೊಂಡಿದ್ದ. ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು. ಹೊಳೆಯಲಿಲ್ಲ.

ರಾತ್ರಿ ಹೆಂಡತಿಗೆ ಜರ್ಮನಿಯ ಒಬ್ಬ ಅಪ್ಪನ ಕತೆ ಹೇಳಿದೆ. ನಿಲ್ಸ್ ಪಿಕರ್ಟ್ ಅಂತ. 2012ರಲ್ಲಿ ಸುದ್ದಿಯಾಗಿತ್ತು. ಐದು ವರ್ಷದ ಮಗನಿಗೆ ಲಂಗ ಇಷ್ಟ. ಅವರಿದ್ದದ್ದು ಚಿಕ್ಕ ಊರು, ಜನ ನಗುತ್ತಾರೆ. ಅಪ್ಪ ತಾನೂ ಒಂದು ಸ್ಕರ್ಟ್ ಹಾಕಿಕೊಂಡು ಮಗನ ಕೈ ಹಿಡಿದು ಬೀದಿಗೆ ಇಳಿದ. ಇವರನ್ನೇ ತಿರುಗಿ ತಿರುಗಿ ನೋಡುತ್ತಾ ಹೋದ ಹೆಂಗಸೊಬ್ಬಳು ದೀಪದ ಕಂಬಕ್ಕೆ ಡಿಕ್ಕಿ ಹೊಡೆದಳು, ಮಗ ಬಿದ್ದು ಬಿದ್ದು ನಕ್ಕ.

‘ಹಾಗಾದ್ರೆ ನಾನೂ ಒಂದು ಹಾಕ್ಕೊಂಡು ಹೋಗ್ಲಾ?’ ಅಂದೆ, ತುಂಬಾ ತ್ಯಾಗಿಯ ಹಾಗೆ.

‘ರೀ, ಈಗ ಉಟ್ಕೊಂಡಿರೋದೇನು?’ ಅಂದಳು.

ನೀಲಿ ಚೌಕಳಿಯ ಲುಂಗಿ. ಇಪ್ಪತ್ತು ವರ್ಷದಿಂದ ದಿನಾ ರಾತ್ರಿ ಉಡುತ್ತಿದ್ದೇನೆ.

ಮಾರನೇ ಸಂಜೆ ಅವನು ಲಂಗದಲ್ಲಿ, ನಾನು ಲುಂಗಿಯಲ್ಲಿ ಪಾರ್ಕಿಗೆ ಹೋದೆವು. ಆಗ ಗೊತ್ತಾದದ್ದು ಬೇರೆಯೇ. ಅವನ ಲಂಗವನ್ನು ಯಾರೂ ಅಷ್ಟಾಗಿ ನೋಡಲಿಲ್ಲ. ಟ್ರ್ಯಾಕ್ ಪ್ಯಾಂಟಿನ ವಾಕಿಂಗ್ ಬಳಗ ನೋಡಿದ್ದು ನನ್ನ ಲುಂಗಿಯನ್ನು. ಪಂಚೆಗೆ ನವೆಂಬರ್ ಒಂದರಂದು ಆಫೀಸಿನಲ್ಲೂ ಮರ್ಯಾದೆ ಇದೆ, ಒಳಗೆ ಬರ್ಮುಡಾ, ಮೇಲೆ ಬೆಲ್ಟು ಬಿಗಿದವರಿಗೂ ಚಪ್ಪಾಳೆ ಇದೆ. ಲುಂಗಿ ಗೇಟು ದಾಟಬಾರದು. ಒಬ್ಬರು ಹತ್ತಿರ ಬಂದು, ‘ಮನೇಲಿ ಎಲ್ಲ ಆರಾಮಾ ಸಾರ್?’ ಅಂತ ವಿಚಾರಿಸಿದರು. ಮಗ ಅಷ್ಟರಲ್ಲಿ ಜಾರುಬಂಡೆ ಹತ್ತಿಯಾಗಿತ್ತು. ಲಂಗದಲ್ಲಿ ಇನ್ನೂ ಜೋರಾಗಿ ಜಾರುತ್ತದೆ ಅಂತ ಕಂಡುಹಿಡಿದ. ನಿನ್ನೆಯ ಹುಡುಗರಲ್ಲಿ ಒಬ್ಬ ಹೌದಾ ಅಂತ ಕೇಳಿದ. ಇನ್ನೊಬ್ಬ ಆ ಕಡೆ ಬರಲಿಲ್ಲ.

ಹೀಗೆ ಮೂರು ವಾರ ನಡೆಯಿತು. ಆಮೇಲೆ ಲಂಗ ಗಾಡ್ರೇಜಿನಲ್ಲೇ ಉಳಿಯತೊಡಗಿತು. ಅಮ್ಮ ಒಳಗೊಳಗೇ ಖುಷಿಪಟ್ಟಳು. ನಿಜ ಹೇಳಬೇಕೆಂದರೆ ನನಗೂ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಯಾಕೋ ಬೇಡ ಅಂತ ಕೇಳಿದೆ.

‘ಜೇಬಿಲ್ಲ’ ಅಂದ.

ನೋಡಿದರೆ ಹೌದು. ಅವನಿಗೆ ಎಲ್ಲೇ ಹೋಗಲಿ ಒಂದು ಕೆಂಪು ಕಾರು, ಎರಡು ಹೊಂಗೆಕಾಯಿ, ಯಾವುದೋ ಬಾಟಲಿಯ ಮುಚ್ಚಳ ಜೊತೆಗಿರಬೇಕು. ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಅವಳು ನಕ್ಕಳು. ‘ನಲವತ್ತೆಂಟು ವರ್ಷದಿಂದ ಇಲ್ಲ ಕಣೋ. ನಿಂಗೆ ಇವತ್ತು ಗೊತ್ತಾಯ್ತಾ?’ ಹಿಂದಿನಿಂದ ಅವಳ ಮಗಳ ದನಿ, ‘ಮಾಮಾ, ನಂದೂ ತಗೊಂಡ್ ಹೋಗು!’

ಎರಡು ಲಂಗ ಹಿಡಿದು ನಮ್ಮ ಬೀದಿಯ ದರ್ಜಿಯ ಹತ್ತಿರ ಹೋದೆವು. ಅವರು ಕನ್ನಡಕ ಹಣೆಗೆ ಏರಿಸಿ ಹೊಲಿಗೆ ನೋಡಿದರು. ಯಾರ ಲಂಗ, ಯಾಕೆ ಜೇಬು, ಒಂದೂ ಕೇಳಲಿಲ್ಲ. ‘ಏನಿಡ್ತೀರಾ?’ ಅಂದರು. ಮಗ ಕೆಂಪು ಕಾರನ್ನು ಮೆಷಿನ್ನಿನ ಮೇಲೆ ಇಟ್ಟ. ಅವರು ಟೇಪು ಹಿಡಿದು ಕಾರಿನ ಉದ್ದ ಅಳೆದರು. ‘ಈ ಬಟ್ಟೆ ತೂಕ ತಡೆಯಲ್ಲ. ಒಳಗೆ ಲೈನಿಂಗ್ ಕೊಟ್ಟು ಸೊಂಟದ ಪಟ್ಟಿಗೆ ಸೇರಿಸಬೇಕು. ಮಂಗಳವಾರ ಬನ್ನಿ.’

ಮಂಗಳವಾರ ಹೋದೆವು. ಆಗಿರಲಿಲ್ಲ. ಗುರುವಾರ ಬನ್ನಿ ಅಂದರು.