ಲೇಯರ್ ಕಟ್‌ಗೆ ಹೋಗುವ ಮುಂಚೆ ಜುಟ್ಟು ಹಿಡಿದು ನೋಡಿ

ಹೋದ ವಾರ ಊಟದ ಹೊತ್ತಿಗೆ ಆಫೀಸಿನ ಹುಡುಗಿಯೊಬ್ಬಳು ಫೋನ್ ಮುಂದೆ ಹಿಡಿದು, "ಅಕ್ಕಾ, ಈ ಬಟರ್‌ಫ್ಲೈ ಕಟ್ ನಂಗೆ ಸೂಟ್ ಆಗುತ್ತಾ?" ಅಂತ ಕೇಳಿದಳು. ಅದೂ ಲೇಯರ್ ಕಟ್ಟೇ, ಮೇಲಿನ ಕೂದಲು ಗಿಡ್ಡ, ಕೆಳಗಿನದು ಉದ್ದ ಬರುವ ಹಾಗೆ ಹಂತಹಂತವಾಗಿ ಕತ್ತರಿಸುವುದು. ಫೋಟೋದಲ್ಲಿದ್ದವಳದು ಒಂದು ಹಿಡಿಗೆ ಸಿಗದಷ್ಟು ಕೂದಲು. ಕೇಳಿದವಳದು ನನ್ನ ಹಾಗೇ, ಇಲಿ ಬಾಲ. ನಗು ಬಂದರೂ ನಗಲಿಲ್ಲ. ಹನ್ನೊಂದು ವರ್ಷದ ಹಿಂದೆ ಇಂಥದ್ದೇ ಒಂದು ಫೋಟೋ ಹಿಡಿದುಕೊಂಡು ಪಾರ್ಲರಿಗೆ ಹೋದವಳು ನಾನು.

ಆ ಪಾರ್ಲರಿನ ಹೆಸರು ಬೇಡ. ಕುರ್ಚಿಯಲ್ಲಿ ಕೂರಿಸಿ, ತಲೆಗೆ ನೀರು ಸಿಂಪಡಿಸಿ, "ಮೇಡಂ, ನಿಮ್ದು ತೆಳು ಕೂದ್ಲು. ಲೇಯರ್ ಹಾಕಿದ್ರೆ ವಾಲ್ಯೂಮ್ ಬರುತ್ತೆ" ಅಂದರು. ಇದ್ದಬದ್ದ ಕೂದಲನ್ನೆಲ್ಲ ನೆತ್ತಿಯ ಮೇಲೆ ಎಳೆದು ಹಿಡಿದು, ಒಂದೇ ಸಲ ಕತ್ತರಿ ಆಡಿಸಿದರು. ಆಮೇಲೆ ದುಂಡನೆ ಬ್ರಷ್ಷು, ಡ್ರೈಯರ್ರು, ಅರ್ಧ ಗಂಟೆ ಸೆಟ್ಟಿಂಗು. ಕನ್ನಡಿಯಲ್ಲಿ ನೋಡಿಕೊಂಡರೆ ನಾನೇನಾ ಅನ್ನಿಸಿತು. ಮನೆಗೆ ಬರುವ ದಾರಿಯಲ್ಲಿ ಹೆಲ್ಮೆಟ್ ಹಾಕೋಕೂ ಮನಸ್ಸಿರಲಿಲ್ಲ. ಹಾಕಿದೆ ಬಿಡಿ.

ಎರಡು ದಿನ ಬಿಟ್ಟು ತಲೆಸ್ನಾನ ಮಾಡಿದೆ. ಫ್ಯಾನಿನ ಕೆಳಗೆ ಒಣಗಿಸಿಕೊಂಡು ಕನ್ನಡಿ ಮುಂದೆ ನಿಂತರೆ ಮೇಲ್ಗಡೆ ಬಟ್ಟಲು ಬೋರಲು ಹಾಕಿದ ಹಾಗೆ ಒಂದು ಸುತ್ತು. ಅದರ ಕೆಳಗೆ ನಾಲ್ಕು ಪೊರಕೆ ಕಡ್ಡಿ. ಅಷ್ಟೇ.

ಮುಂದಿನ ವಾರ ಸಾಗರದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಜಡೆ ಹಾಕಲು ಅಮ್ಮ ಜಗಲಿ ಮೆಟ್ಟಿಲ ಮೇಲೆ ಕೂತರು, ನಾನು ಕೆಳಗಿನ ಮೆಟ್ಟಿಲಲ್ಲಿ. ಮೂರು ಕಾಲು ಮಾಡಿ ಹೆಣೆಯಲು ಶುರು ಮಾಡಿದರು. ಒಂದೊಂದು ಹೆಣಿಗೆಗೂ ಗಿಡ್ಡ ಕೂದಲು ಪಟಪಟ ಅಂತ ಹೊರಗೆ ಹಾರುತ್ತಿತ್ತು. ಬಿಚ್ಚಿದರು, ಎಣ್ಣೆ ಸವರಿದರು, ಮತ್ತೆ ಹೆಣೆದರು. "ಇದೇನೇ ಇದು, ಮುಳ್ಳುಹಂದಿ ಹಂಗೆ?" ಜಡೆ ಕಿವಿಯ ಹತ್ತಿರ ದಪ್ಪ, ಭುಜ ದಾಟಿದ ಮೇಲೆ ಗೋರಂಟಿ ಕಡ್ಡಿ. ಮಲ್ಲಿಗೆ ದಂಡೆ ಮುಡಿಸಿದರೆ ಜಾರಿ ಜಾರಿ ಬೀಳುತ್ತಿತ್ತು. ಕೊನೆಗೆ ಪೇಟೆಯಿಂದ ಚೌರಿ ತರಿಸಿ ಸೇರಿಸಿ ಹೆಣೆದರು. "ದುಡ್ಡು ಕೊಟ್ಟು ಇದ್ದ ಕೂದ್ಲು ತೆಗೆಸ್ದೆ. ಈಗ ದುಡ್ಡು ಕೊಟ್ಟು ಇಲ್ಲದ ಕೂದ್ಲು ಕಟ್ಟಿಸ್ಕೊಂಡೆ" ಅಂದರು ಅಮ್ಮ. ಇಡೀ ಮದುವೆಮನೆಗೆ ಕೇಳಿಸಿತು.

ಆವತ್ತಿನಿಂದ ಈ ಲೇಯರ್ ವಿಷಯದಲ್ಲಿ ನನಗೆ ಒಂಥರಾ ಹಟ. ಅಕ್ಕಂದು ದಪ್ಪ ಕೂದಲು, ಮಗಳದು ಗುಂಗುರು, ನನ್ನದು ಹೀಗೆ. ಮೂರು ತಲೆ ನೋಡಿದ ಮೇಲೆ ನನಗೆ ಅರ್ಥ ಆಗಿದ್ದು ಇಷ್ಟು: ಲೇಯರ್ ಅಂದರೆ ಕೂದಲಿನ ಭಾರ ಇಳಿಸುವುದು. ಇಳಿಸಲು ಭಾರ ಇರಬೇಕು. ನಿಮ್ಮ ತಲೆಯಲ್ಲಿ ಆ ಭಾರ ಎಲ್ಲಿದೆ ಅನ್ನೋದು ಗೊತ್ತಿಲ್ಲದೆ ಫೋಟೋ ತೋರಿಸಿದರೆ ನನ್ನ ಕತೆಯೇ.

ಕೂದಲನ್ನು ಕೆಳಗೆ ಇಳಿಬಿಟ್ಟು ಕತ್ತರಿಸಿದರೆ ತುದಿಗಳೆಲ್ಲ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ತಲೆಯಿಂದ ನೇರ ಹೊರಗೆ, ಅಂದರೆ 90 ಡಿಗ್ರಿಗೆ ಎತ್ತಿ ಹಿಡಿದು ಕತ್ತರಿಸಿದರೆ ಮೇಲಿನದು ಮೇಲೇ ನಿಲ್ಲುತ್ತೆ, ಕೆಳಗಿನದು ಕೆಳಗೆ ಬೀಳುತ್ತೆ. ಎಲ್ಲವನ್ನೂ ನೆತ್ತಿಗೆ ಎಳೆದು ಒಂದೇ ಕಡೆ ಕತ್ತರಿಸಿದರೆ ನೆತ್ತಿಯದು ತೀರಾ ಗಿಡ್ಡ, ಕುತ್ತಿಗೆಯದು ಉದ್ದ. ನನಗೆ ಮಾಡಿದ್ದು ಇದು. ಸ್ಟೆಪ್, ಫೆದರ್, ಬಟರ್‌ಫ್ಲೈ, ವುಲ್ಫ್ ಅಂತ ವರ್ಷಕ್ಕೊಂದು ಹೆಸರು ಬರುತ್ತೆ. ಕೂದಲನ್ನು ಎಷ್ಟು ಎತ್ತಿದರು, ಎಲ್ಲಿಂದ ಗಿಡ್ಡ ಮಾಡಿದರು ಅನ್ನೋದರ ಮೇಲೇ ಬಹುಪಾಲು ಎಲ್ಲ ನಿಂತಿದೆ.

"ವಾಲ್ಯೂಮ್ ಬರುತ್ತೆ" ಅನ್ನೋದು ಪೂರ್ತಿ ಸುಳ್ಳಲ್ಲ. ಗಿಡ್ಡ ಕೂದಲು ಹಗುರ, ಬುಡದಲ್ಲಿ ಸ್ವಲ್ಪ ಎದ್ದು ನಿಲ್ಲುತ್ತೆ. ಆದರೆ ಆ ಉಬ್ಬು ಬರುವುದು ಕೆಳಗಿನ ತುದಿಯನ್ನು ಬಡವಾಗಿಸಿ. ಕೂದಲು ಒತ್ತಾಗಿ ಇದ್ದವರಿಗೆ ಅದು ಲೆಕ್ಕಕ್ಕಿಲ್ಲ. ಇರುವುದೇ ಹಿಡಿಯಷ್ಟು ಅಂದರೆ ಕೆಳಗೆ ಉಳಿಯುವುದೇನು?

ತೆಳು ಅನ್ನೋ ಪದದಲ್ಲೂ ಒಂದು ಗೋಜಲಿದೆ. ಒಂದೊಂದು ಎಳೆ ತೆಳು ಇರಬಹುದು, ಇಲ್ಲವೇ ಎಳೆಗಳ ಲೆಕ್ಕವೇ ಕಮ್ಮಿ ಇರಬಹುದು. ಎರಡೂ ಬೇರೆ. ಉದುರಿದ ಒಂದು ಕೂದಲನ್ನು ಬಿಳಿ ಹಾಳೆ ಮೇಲೆ ಹೊಲಿಗೆ ದಾರದ ಪಕ್ಕ ಇಟ್ಟು ನೋಡಿ. ಬೆರಳ ನಡುವೆ ಹೊಸೆದು ನೋಡಿ. ಹೊಸೆದರೂ ಏನೂ ಸಿಕ್ಕ ಹಾಗೆ ಅನ್ನಿಸದಿದ್ದರೆ ಎಳೆ ತೆಳು. ಒರಟಾಗಿ ಕೈಗೆ ಸಿಕ್ಕರೆ ದಪ್ಪ. ಇನ್ನು ಒತ್ತು ನೋಡಬೇಕಾದರೆ ಜುಟ್ಟು ಕಟ್ಟಿ, ರಬ್ಬರ್ ಬ್ಯಾಂಡಿನ ಹತ್ತಿರ ಟೇಪು ಸುತ್ತಿ. ಅಂದಾಜಿಗೆ 5 ಸೆಂ.ಮೀ. ಸುತ್ತಳತೆ ಅಂದರೆ ಕಮ್ಮಿ, 10 ಅಂದರೆ ಭಾರಿ ಜಾಸ್ತಿ. ನನ್ನದು 5. ಅಕ್ಕಂದು 11. ಒಂದೇ ತಾಯಿ ಮಕ್ಕಳು ನೋಡಿ.

ಗುಂಗುರು ಕೂದಲಿನವರ ವಿಡಿಯೋಗಳಲ್ಲಿ 2ಬಿ, 3ಎ ಅಂತೆಲ್ಲ ಹೇಳುತ್ತಾರಲ್ವಾ, ಆ ಪಟ್ಟಿಯ ಮೂಲ ಆಂಡ್ರೆ ವಾಕರ್ ಅನ್ನುವವರು. ಅಮೆರಿಕದಲ್ಲಿ ಓಪ್ರಾ ವಿನ್‌ಫ್ರೇ ಅವರ ಕೂದಲು ನೋಡಿಕೊಳ್ಳುತ್ತಿದ್ದವರು. 1 ಅಂದರೆ ನೆಟ್ಟಗಿನ ಕೂದಲು, 2 ಅಲೆಅಲೆ, 3 ಸುರುಳಿ, 4 ತೀರಾ ಬಿಗಿ ಸುರುಳಿ. ಒಳ್ಳೆಯದೇ. ಆದರೆ ಈಗ ಎಲ್ಲರೂ ಆ ನಂಬರ್ ನೋಡಿಯೇ ಕಟ್ ನಿರ್ಧಾರ ಮಾಡುತ್ತಾರೆ. ನಾನೂ ನಮ್ಮಕ್ಕನೂ ಇಬ್ಬರೂ 1ರ ಪೈಕಿಯೇ. ಜುಟ್ಟಿನ ಸುತ್ತಳತೆಯನ್ನು ಆ ನಂಬರ್ ಹೇಳುವುದಿಲ್ಲ.

ಅಕ್ಕ ಇರುವುದು ಬೆಂಗಳೂರಿನಲ್ಲಿ, ಬೋರ್‌ವೆಲ್ ನೀರು. ಒರಟು ಕೂದಲು ಆ ಗಡಸು ನೀರಿಗೆ ಇನ್ನೂ ಒರಟು. ತಲೆಸ್ನಾನ ಮಾಡಿದರೆ ಒಣಗಲು ಮೂರು ಗಂಟೆ. ಬಿಗಿಯಾಗಿ ತುರುಬು ಕಟ್ಟಿದರೆ ಸಂಜೆ ಹೊತ್ತಿಗೆ ತಲೆನೋವು. ಇಂಥವರಿಗೆ ಲೇಯರ್ ನಿಜಕ್ಕೂ ಬೇಕು. ಆದರೆ ಅವಳು ಮೊದಲ ಸಲ ಮಾಡಿಸಿದ್ದು ಕಿವಿಯ ಮಟ್ಟದಿಂದ ಶುರುವಾಗುವ ಗಿಡ್ಡ ಲೇಯರ್. ಛತ್ರಿ ಬಿಚ್ಚಿದ ಹಾಗಾಯಿತು. ಅಷ್ಟು ದಿನ ಆ ಒರಟು ಕೂದಲನ್ನು ಕೆಳಗೆ ಎಳೆದು ಕೂರಿಸಿದ್ದು ಅದರದೇ ಉದ್ದ, ಅದರದೇ ಭಾರ. ಅದನ್ನೇ ತೆಗೆದರೆ ಎದ್ದು ನಿಲ್ಲದೆ ಇನ್ನೇನು ಮಾಡುತ್ತೆ? ಈಗ ಕತ್ತಿನ ಮೂಳೆಯಿಂದ ಕೆಳಗಷ್ಟೇ ಉದ್ದುದ್ದ ಲೇಯರ್ ಮಾಡಿಸುತ್ತಾಳೆ. ಜಡೆ ಹಾಕಿದರೂ ಕೂರುತ್ತೆ, ಬಿಟ್ಟರೂ ಕೂರುತ್ತೆ. ಹಲ್ಲುಹಲ್ಲಿನ ಕತ್ತರಿ ಇರುತ್ತಲ್ಲ, ತೆಳು ಮಾಡೋಕೆ ಅಂತ ಬಳಸುವುದು, ಅದನ್ನು ಮಾತ್ರ ಹತ್ತಿರ ಸೇರಿಸಬೇಡಿ ಅನ್ನುತ್ತಾಳೆ. ಮೊದಲ ತಿಂಗಳು ಹಾಯಾಗಿತ್ತಂತೆ. ಆಮೇಲೆ ಒಳಗಿನ ಗಿಡ್ಡ ಕೂದಲು ಬೆಳೆಯುತ್ತಾ ಮೇಲಿನದನ್ನು ದಬ್ಬಿ, ತಲೆ ಮುಂಚಿಗಿಂತ ದೊಡ್ಡದಾಯಿತಂತೆ.

ಮಗಳ ವಿಷಯ ಹೇಳಲೇಬೇಕು. ಅವಳದು ಅಪ್ಪನ ಮನೆ ಕಡೆಯ ಗುಂಗುರು. ಗುಂಗುರು ಕೂದಲನ್ನು ಒಂದೇ ಉದ್ದಕ್ಕೆ ಬಿಟ್ಟರೆ ನೆತ್ತಿ ಚಪ್ಪಟೆ, ಕೆಳಗೆ ಲಂಗ ಹರಡಿಕೊಂಡ ಹಾಗೆ. ಹಾಗಾಗಿ ಲೇಯರ್ ಅತಿ ಅಗತ್ಯ ಇರುವುದು ಇವರಿಗೇ ಅಂತ ನನ್ನ ಅಭಿಪ್ರಾಯ. ಅದು ಕೆಡುವುದೂ ಜಾಸ್ತಿ ಇವರಿಗೇ. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಕಡೆ ಕರೆದುಕೊಂಡು ಹೋದೆ. ಒದ್ದೆ ಮಾಡಿ, ಬಾಚಿ ಬಾಚಿ ನೇರ ಮಾಡಿ, ಭುಜದ ಕೆಳಗೆ ಬರುವ ಹಾಗೆ ಅಳತೆ ನೋಡಿ ಕತ್ತರಿಸಿದರು. ಒಣಗುತ್ತಾ ಒಣಗುತ್ತಾ ಅದು ಮೇಲೇರಿತು. ಗೇಟು ದಾಟುವಾಗ ಗದ್ದದ ಹತ್ತಿರ ಇತ್ತು, ಮನೆಗೆ ಬರುವಷ್ಟರಲ್ಲಿ ಕಿವಿಯ ಹತ್ತಿರ. ಶಾಲೆಯಲ್ಲಿ ರಿಬ್ಬನ್ ಕಟ್ಟಿ ಎರಡು ಜಡೆ ಕಡ್ಡಾಯ. ಕಟ್ಟೋಕೆ ಕೂದಲೆಲ್ಲಿ? ಎರಡು ದಿನ ಶಾಲೆಗೇ ಹೋಗಲಿಲ್ಲ.

ಒದ್ದೆ ಗುಂಗುರು ಕೂದಲಿನ ಉದ್ದ ನಂಬಬಾರದು. ಅದು ಎಳೆದ ಸ್ಪ್ರಿಂಗು.

ಮುಂದಿನ ಸಲ ಒಣಗಿದ ಕೂದಲನ್ನೇ ಕತ್ತರಿಸುವವರು ಸಿಕ್ಕರು. ಎಣ್ಣೆ ಹಾಕದೆ, ಜಡೆ ಹಾಕದೆ, ದಿನಾ ಹೇಗೆ ಬಿಡುತ್ತಾಳೋ ಹಾಗೇ ಕರೆದುಕೊಂಡು ಬನ್ನಿ ಅಂದಿದ್ದರು. ಆಕೆ ಮೊದಲು ಕತ್ತರಿ ಮುಟ್ಟಲೇ ಇಲ್ಲ. ಕುರ್ಚಿಯ ಸುತ್ತ ಎರಡು ಸುತ್ತು ಬಂದು ನೋಡಿದರು. ಒಂದು ಸುರುಳಿ ಹಿಡಿದು ಮೆಲ್ಲಗೆ ಎಳೆದು ಬಿಟ್ಟರು, ಎಷ್ಟು ಮೇಲೆ ಹಾರುತ್ತೆ ಅಂತ. ಕಿವಿ ಪಕ್ಕದ್ದು ಒಂದಷ್ಟು, ಕತ್ತಿನ ಹತ್ತಿರದ್ದು ಜಾಸ್ತಿ. ಒಂದೇ ತಲೆಯಲ್ಲಿ ಸುರುಳಿ ಎಲ್ಲ ಕಡೆ ಒಂದೇ ಥರ ಇರಲ್ಲ ಅನ್ನೋದು ನನಗೆ ಆವತ್ತೇ ಗೊತ್ತಾಗಿದ್ದು. ಆಮೇಲೆ ಒಂದೊಂದೇ ಸುರುಳಿ ಹಿಡಿದು, ಅದು ತಿರುಗುವ ಜಾಗ ನೋಡಿ ಚಕ್ ಅಂತ ಕತ್ತರಿಸಿದರು. ನೆಲದ ಮೇಲೆಲ್ಲ ಉಂಗುರ ಉಂಗುರ, ಚಕ್ಕುಲಿ ಒತ್ತುವಾಗ ತುಂಡಾಗಿ ಬಿದ್ದ ಹಾಗೆ. ಒಂದೂಕಾಲು ಗಂಟೆ ಹಿಡಿಯಿತು. ರೇಜರ್ ಬಳಸಲ್ವಾ ಅಂತ ಕೇಳಿದೆ. "ಗುಂಗುರಿಗೆ ಬೇಡ ಮೇಡಂ, ತುದಿ ಸೀಳಿ ಬುಸುಬುಸು ಅಂತ ನಿಲ್ಲುತ್ತೆ" ಅಂದರು. ಕೊನೆಗೆ ಡ್ರೈಯರ್ ಇಲ್ಲ, ಬ್ರಷ್ ಇಲ್ಲ. ಎದ್ದು ತಲೆ ಕೊಡವಿದಳು, ಮುಗೀತು.

ಆ ಸೆಟ್ಟಿಂಗ್ ವಿಷಯಕ್ಕೆ ಬಂದೆ. ಪಾರ್ಲರಿನ ಕನ್ನಡಿಯಲ್ಲಿ ನಮಗೆ ಇಷ್ಟವಾಗುವುದು ಕಟ್ ಅಲ್ಲ, ಬ್ಲೋ ಡ್ರೈ. ಕೂದಲಿನ ಒಳಗೆ ಹೈಡ್ರೋಜನ್ ಬಂಧ ಅಂತ ಇರುತ್ತವೆ. ನೀರು ತಾಗಿದರೆ ಸಡಿಲ ಆಗುತ್ತವೆ, ಬಿಸಿಯಲ್ಲಿ ಒಣಗುವಾಗ ಯಾವ ಆಕಾರದಲ್ಲಿ ಹಿಡಿದಿರುತ್ತೀರೋ ಅದಕ್ಕೇ ಕೂರುತ್ತವೆ. ಮತ್ತೆ ನೀರು ತಾಗಿದರೆ ಬಣ್ಣ ಬಯಲು. ಮಂಗಳೂರಿನ ಕಡೆ ಮಳೆಗಾಲದಲ್ಲಿ ಸ್ನಾನವೂ ಬೇಡ, ಗಾಳಿಯ ತೇವವೇ ಸಾಕು. ಅದಕ್ಕೇ ನಾನೀಗ ಕತ್ತರಿಸಿದ ಮೇಲೆ ಸೆಟ್ಟಿಂಗ್ ಬೇಡ ಅನ್ನುತ್ತೇನೆ. ಮುಖ ಸಣ್ಣ ಮಾಡುತ್ತಾರೆ. ಮಾಡಲಿ. ಕತ್ತರಿಸಿದ್ದು ಹೇಗಿದೆ ಅಂತ ಅಲ್ಲೇ ಕಾಣುತ್ತೆ, ಸರಿ ಇಲ್ಲದಿದ್ದರೆ ಅಲ್ಲೇ ಹೇಳಬಹುದು.

ಅಲೆಅಲೆ ಕೂದಲಿನವರ ಬಗ್ಗೆ ಜಾಸ್ತಿ ಹೇಳಲ್ಲ. ಪುಣ್ಯವಂತರು. ಸ್ವಲ್ಪ ಹೆಚ್ಚುಕಮ್ಮಿ ಕತ್ತರಿಸಿದರೂ ಅಲೆಯಲ್ಲಿ ಮುಚ್ಚಿಹೋಗುತ್ತೆ. ನೆಟ್ಟಗಿನ ಕೂದಲಲ್ಲಿ ಹಾಗಲ್ಲ, ಕತ್ತರಿ ಎಲ್ಲಿ ತಪ್ಪಿತೋ ಅಲ್ಲಿ ಮೆಟ್ಟಿಲು ಎದ್ದು ಕಾಣುತ್ತೆ. ಸ್ಟ್ರೇಟ್ನಿಂಗ್ ಮಾಡಿಸಿದವರು ಹೊಸ ಕೂದಲು ಒಂದಷ್ಟು ಬೆಳೆಯುವವರೆಗೆ ಲೇಯರ್ ಗೊಡವೆಗೆ ಹೋಗದಿದ್ದರೆ ಒಳ್ಳೆಯದು, ಬುಡ ಒಂಥರಾ ತುದಿ ಒಂಥರಾ ಅನ್ನೋದು ಬಯಲಾಗುತ್ತೆ. ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ಕೂದಲು ಗೊಂಚಲು ಗೊಂಚಲು ಉದುರುತ್ತಲ್ಲ, ಆಗಲೂ ಬೇಡ. ಅದು ಸಾಮಾನ್ಯವಾಗಿ ವರ್ಷದೊಳಗೆ ವಾಪಸ್ ಬರುತ್ತೆ.

ದುಂಡು ಮುಖಕ್ಕೆ ಇದು, ಕೋಲು ಮುಖಕ್ಕೆ ಅದು ಅನ್ನೋ ಪಟ್ಟಿಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಮುಖದ ಅಳತೆಗೆ ಬೇಕಾಗುವುದು ಮುಂದಿನ ಎರಡು ಎಳೆ, ಗದ್ದದ ಕೆಳಗೋ ಮೇಲೋ ಅಂತ. ಉಳಿದ ತಲೆಗೆ ಕೇಳಬೇಕಾದ ಪ್ರಶ್ನೆ ಬೇರೆ. ದಿನಾ ಜಡೆ ಹಾಕುತ್ತೀರಾ? ಹೆಲ್ಮೆಟ್ ಹಾಕುತ್ತೀರಾ? ಭರತನಾಟ್ಯಕ್ಕೆ ಹೋಗುವ ಮಗಳಿದ್ದಾಳಾ? ಜಡೆಗೆ ಸೇರದ ಕೂದಲು ರಂಗದ ಮೇಲೆ ಎಷ್ಟು ಪಿನ್ನು ತಿನ್ನುತ್ತೆ ಅಂತ ಆ ತಾಯಂದಿರನ್ನು ಕೇಳಿ.

ಮತ್ತೆ ಬೆಳೆಯುತ್ತೆ ಬಿಡಿ ಅನ್ನುತ್ತಾರೆ. ಬೆಳೆಯುತ್ತೆ, ತಿಂಗಳಿಗೆ ಹೆಚ್ಚುಕಮ್ಮಿ ಒಂದೂಕಾಲು ಸೆಂ.ಮೀ. ವರ್ಷಕ್ಕೆ 15. ಕಿವಿಯ ಹತ್ತಿರ ಕತ್ತರಿಸಿದ ನನ್ನ ಮೇಲಿನ ಲೇಯರ್ ಜಡೆಯ ಒಳಗೆ ಸೇರಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದ ಫೋಟೋಗಳಲ್ಲೆಲ್ಲ ನನ್ನ ತಲೆ ಮೇಲೆ ಕ್ಲಿಪ್ಪುಗಳ ಸಂತೆ. ಈಗ ಕೆಳಗಡೆ ಒಂದೇ ನೇರ ಗೆರೆ, ಮುಂದೆ ಎರಡು ಎಳೆ ಮಾತ್ರ ಗದ್ದದ ಕೆಳಗೆ. ಗೆರೆ ನೇರ ಇದ್ದರೆ ಇರುವ ಐದು ಸೆಂ.ಮೀ. ಸುತ್ತಳತೆಯ ಕೂದಲೇ ಏಳರಂತೆ ಕಾಣುತ್ತೆ.

ಆಫೀಸಿನ ಹುಡುಗಿಗೆ ಐಡಿ ಕಾರ್ಡಿನ ದಾರ ಜುಟ್ಟಿಗೆ ಸುತ್ತಿ, ಸ್ಕೇಲಿನ ಮೇಲಿಟ್ಟು ತೋರಿಸಿದೆ. 6 ಸೆಂ.ಮೀ. ಮುಖ ಬಾಡಿತು. "ಹಾಗಾದ್ರೆ ಬೇಡ್ವಾ ಅಕ್ಕಾ?" "ಮಾಡಿಸ್ಕೊ. ಕೊನೇ ಎರಡು ಇಂಚಿನಲ್ಲಿ ಮಾತ್ರ ಅಂತ ಹೇಳು. ಕತ್ತರಿ ಅದಕ್ಕಿಂತ ಮೇಲೆ ಬಂದ್ರೆ ಕುರ್ಚಿಯಿಂದ ಎದ್ದುಬಿಡು." ಸೋಮವಾರ ಬಂದಳು. ಚೆನ್ನಾಗೇ ಇತ್ತು. ಆದರೆ ಸೆಟ್ಟಿಂಗ್ ಮಾಡಿಸಿಕೊಂಡೇ ಬಂದಿದ್ದಳು, ಹಾಗಾಗಿ ನನ್ನ ತೀರ್ಪು ಅವಳು ತಲೆಸ್ನಾನ ಮಾಡಿದ ಮೇಲೆ.

ಅಂದಹಾಗೆ, ಹುಬ್ಬಳ್ಳಿ ಕಡೆ ಗುಂಗುರು ಕೂದಲನ್ನು ಒಣಗಿರುವಾಗಲೇ ಕತ್ತರಿಸುವವರು ಯಾರಾದರೂ ಗೊತ್ತಿದ್ದರೆ ಕಾಮೆಂಟಿನಲ್ಲಿ ಹೇಳಿ. ನಾದಿನಿಯ ಮಗಳು ಕೇಳುತ್ತಿದ್ದಾಳೆ. ಮುಂದಿನ ತಿಂಗಳು ಅವಳ ಕಾಲೇಜು ಶುರು.