ರೈಲು ಬಿಟ್ಟುಹೋದ ದಾರಿ ನಡೆಯುವವರಿಗೆ ಸಿಗಬೇಕೆ?

ಪರ

ಚಳಿಗಾಲ ಬಂತೆಂದರೆ ಬೆಂಗಳೂರಿನವರ ಚಾರಣವೆಲ್ಲ ಏರುವುದರಲ್ಲೇ ಮುಗಿಯುತ್ತದೆ. ಸಾವನದುರ್ಗದ ಬಂಡೆಯಾಗಲಿ, ಸ್ಕಂದಗಿರಿಯ ಕತ್ತಲ ಹಾದಿಯಾಗಲಿ, ಗಟ್ಟಿ ಮಂಡಿ ಇದ್ದವರಿಗಷ್ಟೇ ಒಲಿಯುತ್ತವೆ. ನನ್ನ ಅಕ್ಕನಿಗೆ ಅರವತ್ತೆಂಟು ವರ್ಷ. ಪ್ರತಿ ಸಲವೂ ನಮ್ಮೊಡನೆ ಬುತ್ತಿ ಕಟ್ಟಿಕೊಂಡು ಹೊರಡುವ ಆಕೆ ಬೆಟ್ಟದ ಬುಡದಲ್ಲಿ ಕಾರಿನ ಬಾಗಿಲು ತೆರೆದಿಟ್ಟು ಕುಳಿತು, ನಾವು ಇಳಿದು ಬರುವವರೆಗೆ ಕಾಯುತ್ತಾಳೆ. ಕಾಡಿನೊಳಗೆ ಅವಳು ನಡೆಯಬಹುದಾದ ದಾರಿ ಯಾವುದು ಎಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ರೈಲಿನ ದಾರಿ.

ಕಾರಣ ಸರಳವಾಗಿದೆ. ಕಬ್ಬಿಣದ ಚಕ್ರಕ್ಕೆ ಕಬ್ಬಿಣದ ಹಳಿಯ ಮೇಲೆ ಹಿಡಿತ ಕಡಿಮೆಯಾದ್ದರಿಂದ ರೈಲು ಕಡಿದಾದ ಏರನ್ನು ಹತ್ತಲಾರದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ ಏರು ಐವತ್ತಕ್ಕೆ ಒಂದರಷ್ಟು, ಎಂದರೆ ನೂರು ಮೀಟರ್ ನಡೆದರೆ ಏರುವುದು ಎರಡೇ ಮೀಟರ್. ಈ ಮೆದು ಇಳಿಜಾರನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಎಂಜಿನಿಯರುಗಳು 57 ಸುರಂಗ ಕೊರೆದು, ನೂರಕ್ಕೂ ಹೆಚ್ಚು ಸೇತುವೆ ಕಟ್ಟಿ, 1979ರಲ್ಲಿ ಆ ಮಾರ್ಗವನ್ನು ಮುಗಿಸಿದರು.

1996ರಲ್ಲಿ ಮೀಟರ್ ಗೇಜಿನ ಕಿರಿದಾದ ಹಳಿಯನ್ನು ಅಗಲವಾದ ಬ್ರಾಡ್ ಗೇಜಿಗೆ ಬದಲಿಸಲು ಮಾರ್ಗ ಮುಚ್ಚಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ನಡುವಿನ ಆ ವರ್ಷಗಳಲ್ಲಿ, 2001ರ ಡಿಸೆಂಬರಿನಲ್ಲಿ, ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು ಹಿಡಿದು ನಾವು ಐದು ಜನ ಅದೇ ಮಾರ್ಗದ ದೋಣಿಗಲ್ ನಿಲ್ದಾಣದಿಂದ ಎಡಕುಮೇರಿಯವರೆಗೆ ಹಳಿಯ ಮೇಲೆ ನಡೆದೆವು. ಬಿಸಿಲು ಬೀಳುವ ಕಡೆಯ ಪಾಚಿಯೆಲ್ಲ ಒಣಗಿ ಕಂದಾಗಿತ್ತು. ಸುರಂಗದ ಬಾಯಿಯಲ್ಲಿ ಮಾತ್ರ, ನೀರು ಒಸರುವ ಗೋಡೆಗೆ, ಬೆರಳು ಒತ್ತಿದರೆ ಅರ್ಧ ಹೂತುಹೋಗುವಷ್ಟು ದಪ್ಪನೆಯ ಹಸಿರು ಅಂಟಿಕೊಂಡಿತ್ತು. ಪಾಚಿಗೆ ಬೇರಿಲ್ಲ, ಎಲೆಯಿಂದಲೇ ನೀರು ಹೀರುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಒಣಗಿದ ಒಂದು ಹೆಪ್ಪಳಿಕೆಯ ಮೇಲೆ ಬಾಟಲಿಯ ನೀರು ಚಿಮುಕಿಸಿದಾಗ ನಾವು ನೋಡುತ್ತಿದ್ದಂತೆಯೇ ಅದು ಬಿಚ್ಚಿಕೊಂಡಿತು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮರ ಸಾಗಿಸಲು ಹಾಕಿದ್ದ ಮತ್ತು ರೈಲು ಕಂಪನಿಗಳು ಕೈಬಿಟ್ಟ ದಾರಿಗಳು ಇಂದು ಜನರ ನಡಿಗೆಯ ಹಾದಿಗಳಾಗಿವೆ. 1893ರ ಗ್ರೇಟ್ ನಾರ್ದರ್ನ್ ರೈಲು ಮಾರ್ಗದ ಒಂದು ಭಾಗವನ್ನು 1929ರಲ್ಲಿ ಹೊಸ ಸುರಂಗ ಬಂದ ಮೇಲೆ ಬಿಟ್ಟುಬಿಟ್ಟರು. ಈಗ ಅದು ಐರನ್ ಗೋಟ್ ಟ್ರೇಲ್. ಓಡುವ ರೈಲಿನ ಹಳಿಯ ಮೇಲೆ ನಡೆಯಲು ಬಿಡಿ ಎಂದು ನಾನು ಕೇಳುತ್ತಿಲ್ಲ. ತರೀಕೆರೆ–ನರಸಿಂಹರಾಜಪುರದ ನಡುವಿನ ಹಳೆಯ ಟ್ರ್ಯಾಮ್ ಮಾರ್ಗದಂತೆ ಹಳಿಯೇ ಇಲ್ಲವಾದ ದಾರಿಗಳಲ್ಲಿ ಉಳಿದಿರುವ ತುಂಡುಗಳನ್ನಾದರೂ ಗುರುತಿಸಿ, ಬೆಟ್ಟದ ಚಾರಣಗಳಿಗೆ ಅರಣ್ಯ ಇಲಾಖೆ ಈಗಾಗಲೇ ಮಾಡಿರುವಂತೆ ಆನ್‌ಲೈನ್ ಬುಕಿಂಗ್ ಇಟ್ಟು, ಜನರ ಸಂಖ್ಯೆಗೆ ಮಿತಿ ಹಾಕಿ, ಮಾರ್ಗದರ್ಶಕರ ಜೊತೆಯಲ್ಲಿ ಚಳಿಗಾಲದ ಎರಡು ತಿಂಗಳು ತೆರೆಯಲಿ ಎಂಬುದಷ್ಟೇ ನನ್ನ ಕೋರಿಕೆ.

ವಿರೋಧ

ಆ ಐದು ಜನರಲ್ಲಿ ನಾನೂ ಒಬ್ಬ. ಗೆಳೆಯರಿಗೆ ಪಾಚಿ ನೆನಪಿದೆ; ನನಗೆ ಸೇತುವೆ ನೆನಪಿದೆ. ಅದರ ಮೇಲೆ ಹಳಿಗೆ ಅಡ್ಡಲಾಗಿ ಹಾಸಿದ ಎರಡು ಸ್ಲೀಪರ್ ತೊಲೆಗಳ ನಡುವೆ ನನ್ನ ಎಡಗಾಲು ತೊಡೆಯವರೆಗೆ ಜಾರಿತು, ಬೆನ್ನಚೀಲ ಸಿಕ್ಕಿಕೊಂಡು ನಿಂತೆ, ಚಪ್ಪಲಿ ಕೆಳಗಿನ ಹೊಳೆಗೆ ಬಿದ್ದ ಸದ್ದು ಕೇಳಲು ಕಾಯಬೇಕಾಯಿತು. ಇಷ್ಟು ಸುಲಭದ ದಾರಿಗೆ ಬೂಟು ಯಾಕೆ ಎಂದು ನಾನು ಚಪ್ಪಲಿಯಲ್ಲೇ ಬಂದಿದ್ದೆ. ಏರು ಮೆದುವಾಗಿದ್ದ ಮಾತ್ರಕ್ಕೆ ದಾರಿ ಮೆದುವಾಗುವುದಿಲ್ಲ ಎಂಬುದು ಅಂದೇ ನನಗೆ ಗೊತ್ತಾಯಿತು. ಗೆಳೆಯರು ಆ ಪ್ರಸಂಗವನ್ನು ಏಕೆ ಬಿಟ್ಟರೋ!

ಹಳಿ ಇಲ್ಲದ ದಾರಿ ಮಾತ್ರ ಸಾಕು ಎಂಬ ಅವರ ಷರತ್ತು ಕಾಗದದ ಮೇಲೆ ಚೆನ್ನಾಗಿದೆ. ಆದರೆ ಸಕಲೇಶಪುರದ ಮಾರ್ಗದಲ್ಲಿ ರೈಲು ಮತ್ತೆ ಓಡತೊಡಗಿ ಇಷ್ಟು ವರ್ಷಗಳಾದರೂ ಅದನ್ನು ಚಾರಣದ ದಾರಿಯೆಂದೇ ತಿಳಿದು ಹೊರಡುವವರು ಇನ್ನೂ ಇದ್ದಾರೆ. 1989ರ ರೈಲ್ವೆ ಕಾಯ್ದೆಯ 147ನೆಯ ಕಲಮು ಇದಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ ವಿಧಿಸಬಹುದು ಎಂದರೂ ಅವರು ನಿಲ್ಲುವುದಿಲ್ಲ. 2023ರ ಜುಲೈನಲ್ಲಿ ಗೋವಾದ ದೂಧ್‌ಸಾಗರ ಜಲಪಾತದ ಬಳಿಯ ಹಳಿಗಳ ಮೇಲೆ ನಡೆದು ಬಂದವರಿಗೆ ಪೊಲೀಸರು ಬಸ್ಕಿ ಹೊಡೆಸಿದ ದೃಶ್ಯವನ್ನು ನಾಡೆಲ್ಲ ನೋಡಿತು. ಒಂದು ದಾರಿಯನ್ನು ಅಧಿಕೃತವಾಗಿ ತೆರೆದರೆ, ತೆರೆಯದ ದಾರಿಗಳೂ ಜನರ ಮನಸ್ಸಿನಲ್ಲಿ ತೆರೆದುಕೊಳ್ಳುತ್ತವೆ.

ಚಳಿಗಾಲದಲ್ಲಿ ತೆರೆಯಿರಿ ಎನ್ನುವವರಿಗೆ ವಾಷಿಂಗ್ಟನ್‌ನ ಹೋಲಿಕೆ ಋತುವಿನಲ್ಲೇ ಎಡವುತ್ತದೆ. ಅಲ್ಲಿನ ಪಶ್ಚಿಮ ಭಾಗದಲ್ಲಿ ಮಳೆ ಸುರಿಯುವುದೇ ಚಳಿಗಾಲದಲ್ಲಿ, ಆದ್ದರಿಂದ ತಗ್ಗಿನ ಕಾಡುಗಳ ಪಾಚಿ ಆಗಲೇ ಕಳೆಗಟ್ಟುತ್ತದೆ. ನಮ್ಮಲ್ಲಿ ಕಳೆಗಟ್ಟುವುದು ಆಷಾಢ, ಶ್ರಾವಣದಲ್ಲಿ. ಕಂದುಬಣ್ಣದ ಪಾಚಿ ನೋಡಲು ಬೆಂಗಳೂರಿನಿಂದ ಯಾರು ಬರುತ್ತಾರೆ? ಜನ ಬರುವುದು ಮಳೆಯಲ್ಲೇ, ಇಂಬಳದ ಕಾಲದಲ್ಲೇ, ಗುಡ್ಡ ಜರಿಯುವ ಕಾಲದಲ್ಲೇ. 2024ರ ಜುಲೈ ಕೊನೆಗೆ ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ, ರೈಲು ಸಂಚಾರ ದಿನಗಟ್ಟಲೆ ನಿಂತಿತ್ತು. ಅಂದಹಾಗೆ, ಅವರು ಹೊಗಳಿದ ಆ ಐರನ್ ಗೋಟ್ ದಾರಿಯಲ್ಲೇ 1910ರ ಮಾರ್ಚ್ 1ರಂದು ಹಿಮಕುಸಿತ ಎರಡು ರೈಲುಗಳನ್ನು ಕಣಿವೆಗೆ ತಳ್ಳಿ 96 ಜನರನ್ನು ಕೊಂದಿತು. ಇಂದಿಗೂ ಆ ಇಳಿಜಾರು ಚಳಿಗಾಲದ ಸುಲಭ ನಡಿಗೆಗೆ ತಕ್ಕ ಜಾಗವಲ್ಲ.

ನನ್ನ ಮುಖ್ಯ ಆಕ್ಷೇಪ ಬೇರೆಯೇ ಇದೆ. ಅಕ್ಕನ ಮಂಡಿಗೆ ಒಗ್ಗುವ ಏರು ಆನೆಗೂ ಒಗ್ಗುತ್ತದೆ. ಕಾಡಾನೆಗಳು ಕಡಿದಾದ ಬದಿಗಳನ್ನು ಬಿಟ್ಟು ಮೆದು ಇಳಿಜಾರನ್ನೇ ಹುಡುಕುತ್ತವೆ. ಗುಡ್ಡ ಸೀಳಿ ಮಾಡಿದ ದಾರಿಯಲ್ಲಿ ಎರಡೂ ಕಡೆ ಆಳೆತ್ತರದ ಗೋಡೆಯಿದ್ದು, ಎದುರಿಗೆ ಆನೆ ಬಂದರೆ ಸರಿದು ನಿಲ್ಲಲು ಅದಕ್ಕೂ ಜಾಗವಿಲ್ಲ, ನಮಗೂ ಇಲ್ಲ. ತರೀಕೆರೆ ಮತ್ತು ನರಸಿಂಹರಾಜಪುರದ ನಡುವಿನ ಸೀಮೆಯಲ್ಲಿ ಇಂದು ಭದ್ರಾ ಜಲಾಶಯವಿದೆ, ಭದ್ರಾ ಹುಲಿ ಮೀಸಲಿನ ಕಾಡಿದೆ. ಬುಕಿಂಗ್ ವ್ಯವಸ್ಥೆ ಬಿಗಿಯಾದದ್ದಾದರೂ ಯಾವಾಗ? 2024ರ ಜನವರಿಯ ಒಂದು ವಾರಾಂತ್ಯ ಕುಮಾರಪರ್ವತದಲ್ಲಿ ಸಾವಿರಾರು ಜನ ಸಂತೆಯಂತೆ ನೆರೆದ ಮೇಲೆ. ಅದು ಏದುಸಿರು ಬಿಡಿಸುವ ಬೆಟ್ಟ. ಉಸಿರೇ ಕಟ್ಟದ ದಾರಿಗೆ ಎಷ್ಟು ಜನ ಬರಬಹುದು ಎಂಬ ಲೆಕ್ಕವನ್ನು ಗೆಳೆಯರು ಹಾಕಿಲ್ಲ.

ಅಕ್ಕನವರ ಮಾತು ಉಳಿಯಿತು. ಯಶವಂತಪುರದಿಂದ ಮಂಗಳೂರಿಗೆ ಹೋಗುವ ಹಗಲು ರೈಲಿಗೆ 2021ರಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಇದೆ. ಅದೇ ಘಟ್ಟ, ಅದೇ ಏರು, ಅವೇ ಸುರಂಗಗಳು. ನನ್ನ ಸಲಹೆಯಂತೆ ಅವರು ಕಳೆದ ಜನವರಿಯಲ್ಲಿ ಹೋಗಿ ಬಂದರು. ಹೇಗಿತ್ತು ಎಂದು ಕೇಳಿದೆ. ಸುರಂಗ ಬಂದಾಗಲೆಲ್ಲ ತಮ್ಮ ಹೇಳಿದ ಪಾಚಿ ಕಾಣಬಹುದೆಂದು ಗಾಜಿಗೆ ಮುಖ ಒತ್ತಿ ನೋಡಿದರಂತೆ. ಕತ್ತಲಲ್ಲಿ ಅವರ ಮುಖವಷ್ಟೇ ಕಂಡಿತಂತೆ.