ಸ್ಪೋರ್ಟ್ಸ್ ಕಾರಿನ ಪಿಕಪ್‌ಗೆ ಟಾರ್ಕೇ ಮುಖ್ಯವೇ? ಪರ–ವಿರೋಧ

ಪರ: ಹೌದು, ಟಾರ್ಕ್ ಇದ್ದವನದೇ ಪಿಕಪ್

ಆಕ್ಸಿಲರೇಟರ್ ಒತ್ತಿದ ತಕ್ಷಣ ಬೆನ್ನು ಸೀಟಿಗೆ ಅಂಟುತ್ತದಲ್ಲ, ಆ ನೂಕು ಎಲ್ಲಿಂದ ಬರುತ್ತದೆ? ಚಕ್ರ ನೆಲವನ್ನು ಹಿಂದಕ್ಕೆ ತಳ್ಳುವ ಬಲದಿಂದ. ಆ ಬಲ ಹುಟ್ಟುವುದು ಎಂಜಿನ್ನಿನ ಟಾರ್ಕ್‌ನಿಂದ, ಅಂದರೆ ಎಂಜಿನ್ ತಿರುಗಿಸುವ ಬಲದಿಂದ. ಗೇರ್ ಬದಲಿಸದೆ ಒಂದೇ ಗೇರಿನಲ್ಲಿ ಕಾರನ್ನು ಕೆಳಗಿನಿಂದ ರೆಡ್‌ಲೈನ್ ತನಕ, ಅಂದರೆ ಎಂಜಿನ್ ತಿರುಗಬಹುದಾದ ಗರಿಷ್ಠ ವೇಗದ ತನಕ, ಎಳೆದು ನೋಡಿ. ಟಾರ್ಕ್ ಎಲ್ಲಿ ಗರಿಷ್ಠವೋ ಅದರ ಆಸುಪಾಸಿನಲ್ಲೇ ನೂಕು ಜಾಸ್ತಿ. ಅಲ್ಲಿಂದಾಚೆ ಸದ್ದು ಏರುತ್ತದೆ, ಮುಳ್ಳು ಏರುತ್ತದೆ, ಹಾರ್ಸ್‌ಪವರ್ ಕೂಡ ಇನ್ನಷ್ಟು ಏರಬಹುದು. ನೂಕು ಮಾತ್ರ ಇಳಿಯತೊಡಗುತ್ತದೆ.

ಕಂಪನಿಗಳು ಹಾರ್ಸ್‌ಪವರ್ ಎಂದು ದೊಡ್ಡಕ್ಷರದಲ್ಲಿ ಬರೆಯುವುದು ಯಾವುದೋ ಒಂದು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮಾತ್ರ ಸಿಗುವ ಅಂಕಿ. ಕಾರು ಆ ಒಂದು ಬಿಂದುವಿನಲ್ಲಿ ಇರುವುದೇ ಕ್ಷಣಮಾತ್ರ. ಉಳಿದ ಹೊತ್ತೆಲ್ಲ ಅದರ ಕೆಳಗೆ ಎಲ್ಲೋ ಓಡುತ್ತಿರುತ್ತದೆ. ಆಗ ಎಂಜಿನ್ ಏನು ಕೊಡುತ್ತದೆ ಎಂಬುದು ತಾನೆ ನಿಜವಾದ ಪ್ರಶ್ನೆ?

ಹೋಂಡಾ ಎಸ್2000 ಕಾರನ್ನೇ ತೆಗೆದುಕೊಳ್ಳಿ. 1999ರಲ್ಲಿ ಬಂದಾಗ ಅದರ ಎರಡು ಲೀಟರ್ ಎಂಜಿನ್ 9,000 ಆರ್‌ಪಿಎಂ ಮುಟ್ಟುತ್ತಿತ್ತು. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದೆ ಸುಮಾರು 240 ಹಾರ್ಸ್‌ಪವರ್. ಕೇಳಿದವರ ಕಿವಿ ನೆಟ್ಟಗಾಗಬೇಕು. ಆದರೆ ಅದರ 208 ನ್ಯೂಟನ್ ಮೀಟರ್ ಟಾರ್ಕ್ ಸಿಗುತ್ತಿದ್ದುದು 7,500ರಲ್ಲಿ. ವಾಲ್ವ್‌ಗಳನ್ನು ಹೆಚ್ಚು ತೆರೆದು ಹೆಚ್ಚು ಗಾಳಿ ಬಿಡುವ ಜೋರಾದ ಕ್ಯಾಮ್ ಕೆಲಸಕ್ಕೆ ಇಳಿಯುತ್ತಿದ್ದುದೇ 6,000ದ ಹತ್ತಿರ. ಅದಕ್ಕಿಂತ ಕೆಳಗೆ ಅದು ಬೇರೆ ಯಾವುದೇ ಎರಡು ಲೀಟರ್ ಕಾರಿನ ಹಾಗೆಯೇ. ಮುಂದೆ ಏನಾಯಿತು ನೋಡಿ. 2004ರ ಮಾದರಿಗೆ ಅಮೆರಿಕದಲ್ಲಿ ಹೋಂಡಾ ಪಿಸ್ಟನ್ನಿನ ಸ್ಟ್ರೋಕ್ (ಅದು ಮೇಲೆ ಕೆಳಗೆ ಓಡಾಡುವ ದೂರ) ಉದ್ದ ಮಾಡಿತು, ಎಂಜಿನ್ 2.2 ಲೀಟರ್ ಆಯಿತು, ರೆಡ್‌ಲೈನ್ 8,000ಕ್ಕೆ ಇಳಿಯಿತು. ಹಾರ್ಸ್‌ಪವರ್ ಅಷ್ಟೇ ಉಳಿಯಿತು, ಟಾರ್ಕ್ ಹೆಚ್ಚಿತು. ಕಟ್ಟಿದವರೇ ಸಾವಿರ ಸುತ್ತು ಬಿಟ್ಟುಕೊಟ್ಟು ಟಾರ್ಕ್ ಕೊಂಡರು!

ಫೆರಾರಿಯೂ ಅದೇ ದಾರಿ ಹಿಡಿಯಿತು. 458 ಇಟಾಲಿಯಾದ ಟರ್ಬೊ ಇಲ್ಲದ ವಿ8 (ಎಂಟು ಸಿಲಿಂಡರ್) ಎಂಜಿನ್ 9,000 ಆರ್‌ಪಿಎಂವರೆಗೆ ಹೋಗುತ್ತಿತ್ತು. ಟಾರ್ಕ್ 540 ನ್ಯೂಟನ್ ಮೀಟರ್, ಅದೂ 6,000ದಲ್ಲಿ. 2015ರಲ್ಲಿ ಅದರ ಜಾಗಕ್ಕೆ ಬಂದ 488ಕ್ಕೆ ಎರಡು ಟರ್ಬೊ. ಟಾರ್ಕ್ 760, ಅದೂ 3,000ದಲ್ಲೇ. ಕಂಪನಿಯ ಲೆಕ್ಕದಲ್ಲೇ 0–100 ಕಿ.ಮೀ. 3.4 ಸೆಕೆಂಡಿನಿಂದ 3.0ಕ್ಕೆ ಇಳಿಯಿತು. ಹಳೆಯ ಕೂಗು ಚೆನ್ನಾಗಿತ್ತು, ಒಪ್ಪೋಣ. ಆದರೆ ನಾವು ಮಾತಾಡುತ್ತಿರುವುದು ಸಂಗೀತದ ಬಗ್ಗೆ ಅಲ್ಲವಲ್ಲ.

ಹೈ ರೆವ್ ಎಂಜಿನ್ನಿಗೆ, ಅಂದರೆ ಹೆಚ್ಚು ಆರ್‌ಪಿಎಂವರೆಗೆ ತಿರುಗುವ ಎಂಜಿನ್ನಿಗೆ, ಇನ್ನೊಂದು ಗುಟ್ಟಿನ ಖರ್ಚಿದೆ. ಗಿಡ್ಡ ಗೇರುಗಳಲ್ಲಿ, ಅಂದರೆ ಒಂದು, ಎರಡರಂಥ ಕೆಳಗಿನ ಗೇರುಗಳಲ್ಲಿ, ಅದು ತನ್ನೊಳಗೇ ತಿರುಗುವ ಭಾರದ ಭಾಗಗಳಾದ ಕ್ರ್ಯಾಂಕ್, ಫ್ಲೈವೀಲ್‌ಗಳನ್ನೇ ಸರಸರ ಮೇಲಕ್ಕೆ ತಿರುಗಿಸಿಕೊಳ್ಳಬೇಕು. ಈ ಹೊರೆ ಗೇರ್ ಅನುಪಾತದ (ಚಕ್ರದ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ಎಂಬುದರ) ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಅನುಪಾತ ಎರಡು ಪಟ್ಟಾದರೆ ಹೊರೆ ನಾಲ್ಕು ಪಟ್ಟು. ಒಂದನೇ ಗೇರಿನಲ್ಲಿ ಎಂಜಿನ್ ದುಡಿದದ್ದರಲ್ಲಿ ಒಂದಿಷ್ಟು ಕಾರಿಗೆ ತಲುಪುವುದೇ ಇಲ್ಲ.

ಓವರ್‌ಟೇಕ್ ಮಾಡುವಾಗಲಂತೂ ಲೆಕ್ಕವೇ ಬೇಡ. ಟಾರ್ಕ್ ಇರುವ ಕಾರು ಇದ್ದ ಗೇರಿನಲ್ಲೇ ಚಿಮ್ಮುತ್ತದೆ. ಹೈ ರೆವ್ ಕಾರಿನವರು ಎರಡು ಗೇರ್ ಇಳಿಸಿ, ಎಂಜಿನ್ ಮೇಲೇರುವ ತನಕ ಕಾಯಬೇಕು. ಇನ್ನು ಎಲೆಕ್ಟ್ರಿಕ್ ಕಾರು ಸೊನ್ನೆಯಿಂದಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಸಿಗ್ನಲ್ ಬಿಟ್ಟ ಕೂಡಲೇ ಪೆಟ್ರೋಲ್ ಕಾರುಗಳಿಗೆ ಅದರ ಹಿಂಬದಿ ದೀಪ ಕಾಣುವುದು ಯಾಕೆ ಅಂದುಕೊಂಡಿರಿ?

ವಿರೋಧ: ಅಲ್ಲ, ಗೇರ್‌ಬಾಕ್ಸ್ ಮರೆತು ಲೆಕ್ಕ ಹಾಕಬೇಡಿ

ಟಾರ್ಕೇ ಎಲ್ಲ ಎನ್ನುವುದಾದರೆ ಲಾರಿಯೇ ಎಲ್ಲಕ್ಕಿಂತ ಚುರುಕಾಗಿ ಓಡಬೇಕಿತ್ತು. 13 ಲೀಟರಿನ ದೊಡ್ಡ ಲಾರಿ ಡೀಸೆಲ್ ಎಂಜಿನ್ 2,500 ನ್ಯೂಟನ್ ಮೀಟರ್ ಕೊಡುತ್ತದೆ. ಫೆರಾರಿ 458ರ ನಾಲ್ಕು ಪಟ್ಟಿಗೂ ಜಾಸ್ತಿ. ಎಂಜಿನ್ನೇ ಒಂದು ಟನ್ ದಾಟುತ್ತದೆ, ನಿಜ. ತೂಕವನ್ನು ಬಿಟ್ಟೇ ಬಿಡಿ, ಮಂತ್ರ ಹಾಕಿ ಹಗುರ ಮಾಡಿ ಫೆರಾರಿಯೊಳಗೆ ಕೂರಿಸಿದಿರಿ ಅನ್ನಿ. ಆಗಲೂ ಅದು ಗೆಲ್ಲುವುದಿಲ್ಲ. ಅದು 2,000 ಸುತ್ತಿನ ಆಸುಪಾಸಿನಲ್ಲೇ ಸುಸ್ತಾಗುತ್ತದೆ.

ಕಾರಣ ಸರಳ. ಎಂಜಿನ್ನಿನ ಟಾರ್ಕ್ ಚಕ್ರಕ್ಕೆ ನೇರವಾಗಿ ಹೋಗುವುದಿಲ್ಲ, ಮಧ್ಯೆ ಗೇರ್ ಇದೆ. ಎರಡು ಎಂಜಿನ್ ಊಹಿಸಿಕೊಳ್ಳಿ. ಒಂದು 8,000 ಆರ್‌ಪಿಎಂನಲ್ಲಿ 200 ನ್ಯೂಟನ್ ಮೀಟರ್ ಕೊಡುತ್ತದೆ. ಇನ್ನೊಂದು 4,000ದಲ್ಲಿ 400. ಚಕ್ರ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎನ್ನಿ, ಹೆಚ್ಚೂಕಡಿಮೆ ಗಂಟೆಗೆ 95 ಕಿ.ಮೀ. ಮೊದಲನೆಯದಕ್ಕೆ ಹತ್ತು ಪಟ್ಟಿನ ಗೇರ್ ಹಾಕಬಹುದು: 200 ಗುಣಿಸು 10, ಚಕ್ರಕ್ಕೆ 2,000. ಎರಡನೆಯದಕ್ಕೆ ಐದು ಪಟ್ಟು ಮಾತ್ರ ಸಾಧ್ಯ: 400 ಗುಣಿಸು 5, ಅದೇ 2,000. ಎದುರಾಳಿಗಳು ಮೆರೆಸಿದ ಎರಡು ಪಟ್ಟು ಟಾರ್ಕ್ ಎಲ್ಲಿ ಹೋಯಿತು? ಸೈಕಲ್ಲಿನಲ್ಲಿ ಏರು ಹತ್ತುವಾಗ ಹಗುರ ಗೇರಿಗೆ ಹಾಕಿ ಪೆಡಲ್ ಬೇಗ ಬೇಗ ತುಳಿಯುತ್ತೀರಲ್ಲ, ಅದೇ ಕತೆ.

ಈ ಎರಡೂ ಎಂಜಿನ್‌ಗಳ ಪವರ್ ಒಂದೇ, ಸುಮಾರು 168 ಕಿಲೋವ್ಯಾಟ್. ಪವರ್ ಅಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದ್ದು, ಅಷ್ಟೇ. ಒಂದೇ ಗೇರಿನಲ್ಲಿ ನೂಕು ಟಾರ್ಕ್ ಗರಿಷ್ಠವಿರುವಲ್ಲಿ ಜಾಸ್ತಿ ಎಂಬ ಮಾತು ಪೂರ್ತಿ ಸರಿ. ಆದರೆ ಓಟದಲ್ಲಿ ಯಾರು ಒಂದೇ ಗೇರಿನಲ್ಲಿ ಇರುತ್ತಾರೆ? ಈ ಕ್ಷಣದ ವೇಗಕ್ಕೆ ಯಾವ ಗೇರ್ ಹೆಚ್ಚು ನೂಕುತ್ತದೆ ಎಂದು ಕೇಳಬೇಕು. ಅದಕ್ಕೆ ಉತ್ತರ ಯಾವಾಗಲೂ ಪವರ್ ಹೆಚ್ಚಿರುವ ಗೇರ್.

ನಂಬಿಕೆ ಬರದಿದ್ದರೆ ರೇಸಿನವರು ಗೇರ್ ಬದಲಿಸುವ ಜಾಗ ನೋಡಿ. ಟಾರ್ಕ್ ಗರಿಷ್ಠವಾದ ಕೂಡಲೇ ಯಾರೂ ಬದಲಿಸುವುದಿಲ್ಲ. ಎರಡು ಪಟ್ಟಿನ ಗೇರಿನಲ್ಲಿ 8,000ಕ್ಕೆ ಬಂದಿದ್ದೀರಿ, ಟಾರ್ಕ್ 180ಕ್ಕೆ ಇಳಿದಿದೆ ಎನ್ನಿ. ಗೇರಿನಾಚೆ ಸಿಗುವುದು 360. ಒಂದೂವರೆ ಪಟ್ಟಿನ ಮುಂದಿನ ಗೇರಿಗೆ ಹಾಕಿದರೆ ಎಂಜಿನ್ 6,000ಕ್ಕೆ ಬೀಳುತ್ತದೆ. ಅಲ್ಲಿ ಟಾರ್ಕ್ ಗರಿಷ್ಠ, 210. ಸಿಗುವುದು ಬರೀ 315. ಟಾರ್ಕ್ ಬಿದ್ದುಹೋದ ಎಂಜಿನ್ನೇ ಜಾಸ್ತಿ ನೂಕುತ್ತಿದೆ! ಮೇಲಕ್ಕೆ ಹೋಗಬಲ್ಲ ಎಂಜಿನ್ ಅಂದರೆ ಗಿಡ್ಡ ಗೇರಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಉಳಿಯಬಲ್ಲ ಎಂಜಿನ್.

ಇಷ್ಟಕ್ಕೂ ಎಂಜಿನಿಯರುಗಳು ಹಟಕ್ಕೆ ಬಿದ್ದು ಆರ್‌ಪಿಎಂ ಏರಿಸಲಿಲ್ಲ. ಟರ್ಬೊ ಇಲ್ಲದ ಎಂಜಿನ್ ಎರಡು ಸುತ್ತಿಗೆ ಎಳೆದುಕೊಳ್ಳುವ ಗಾಳಿ ಹೆಚ್ಚೂಕಡಿಮೆ ಅದರ ಗಾತ್ರದಷ್ಟೇ. ಹಾಗಾಗಿ ಒಳ್ಳೆಯ ಎಂಜಿನ್ ಕೂಡ ಲೀಟರಿಗೆ 100ರಿಂದ 120 ನ್ಯೂಟನ್ ಮೀಟರ್ ಹತ್ತಿರ ನಿಂತುಬಿಡುತ್ತದೆ. ಎಸ್2000, 458 ಎರಡೂ ಈ ಮಿತಿಯೊಳಗೇ ಇವೆ. ಗಾತ್ರ, ತೂಕ ಏರಿಸದೆ ಪವರ್ ಬೇಕೆಂದರೆ ಸೆಕೆಂಡಿಗೆ ಹೆಚ್ಚು ಸಲ ಉಸಿರಾಡಬೇಕು. ಫಾರ್ಮುಲಾ 1ರ 2.4 ಲೀಟರ್ ವಿ8 ಎಂಜಿನ್‌ಗಳು 18,000 ಆರ್‌ಪಿಎಂವರೆಗೆ ಕಿರುಚುತ್ತಿದ್ದವು. ಟಾರ್ಕ್ ಸುಮಾರು 300 ನ್ಯೂಟನ್ ಮೀಟರ್, ಮನೆಮಂದಿಯೆಲ್ಲ ಹೋಗುವ ಡೀಸೆಲ್ ಎಸ್‌ಯುವಿಗಿಂತ ಹೆಚ್ಚೇನಲ್ಲ. ಓಟದಲ್ಲಿ ಆ ಎಸ್‌ಯುವಿಯ ಗತಿ ಏನಾಗುತ್ತಿತ್ತು ಹೇಳಬೇಕೆ? ಟರ್ಬೊ ಬಂದ ಮೇಲೆ ಗಾಳಿಯನ್ನು ಒತ್ತಿ ತುಂಬಬಹುದು, ಅದು ಇನ್ನೊಂದು ದಾರಿ. ಒಂದು ಸೆಕೆಂಡಿನಲ್ಲಿ ಎಷ್ಟು ಇಂಧನ ಉರಿಸಿದಿರಿ ಎಂಬ ಲೆಕ್ಕ ಎರಡರಲ್ಲೂ ಒಂದೇ.

ಫೆರಾರಿ 488ರ ಉದಾಹರಣೆ ಕೊಟ್ಟವರು ಅರ್ಧ ಮಾತ್ರ ಹೇಳಿದರು. ಅದರ ಪವರ್ ಕೂಡ 570ರಿಂದ 670 ಹಾರ್ಸ್‌ಪವರಿಗೆ ಏರಿತ್ತು, ಅದೂ 8,000 ಆರ್‌ಪಿಎಂನಲ್ಲಿ. ಅಷ್ಟೇ ಅಲ್ಲ. ಕೆಳಗಿನ ಗೇರುಗಳಲ್ಲಿ ಫೆರಾರಿಯೇ ಟಾರ್ಕ್‌ಗೆ ಕಡಿವಾಣ ಹಾಕಿದೆ. ಪೂರ್ತಿ 760 ಸಿಗುವುದು ಏಳನೇ ಗೇರಿನಲ್ಲಿ ಮಾತ್ರ. ಅಂದಮೇಲೆ 0–100 ಓಟದ ಗೆಲುವನ್ನು ಆ 760ರ ಖಾತೆಗೆ ಬರೆಯುವುದು ಹೇಗೆ?

ಹೊರಟ ಮೊದಲ ಕೆಲವು ಮೀಟರ್‌ಗಳಲ್ಲಿ ಟಾರ್ಕ್ ಹೆಚ್ಚಿದ್ದೂ ಉಪಯೋಗ ಕಡಿಮೆ. ಅಲ್ಲಿ ತೀರ್ಮಾನ ಟೈರಿನದು. ಹಿಡಿತ ತಪ್ಪಿದರೆ ಚಕ್ರ ಸುಮ್ನೆ ಹೊಗೆ ಎಬ್ಬಿಸುತ್ತದೆ. ಓವರ್‌ಟೇಕ್ ವಿಷಯದಲ್ಲಿ ಎದುರಾಳಿಗಳ ಮಾತು ನಿಜ, ಗೇರ್ ಇಳಿಸುವ ಕೆಲಸ ನಮ್ಮದು. ಅದು ಸೋಮಾರಿತನಕ್ಕೆ ಸಿಗುವ ಅನುಕೂಲ, ಕಾರಿನ ಸಾಮರ್ಥ್ಯದ ಅಳತೆಯಲ್ಲ.

ಎಲೆಕ್ಟ್ರಿಕ್ ಕಾರನ್ನು ಟಾರ್ಕ್‌ನ ಸಾಕ್ಷಿಯಾಗಿ ಕರೆಸಿದ್ದು ಮಾತ್ರ ತಮಾಷೆ. ಮೊದಲ ಟೆಸ್ಲಾ ಮಾಡೆಲ್ ಎಸ್‌ನಲ್ಲಿ ಮೋಟರ್ ಮತ್ತು ಚಕ್ರದ ನಡುವೆ ಇರುವುದು 9.73 ಪಟ್ಟಿನ ಒಂದೇ ಗೇರ್. ಪೆಟ್ರೋಲ್ ಕಾರು ಒಂದು, ಎರಡನೇ ಗೇರಿನಲ್ಲಿ ಬಳಸುವಂಥ ಅನುಪಾತ ಅದು. ಅದೇ ಗೇರಿನಲ್ಲಿ ಗಂಟೆಗೆ 200 ಕಿ.ಮೀ. ದಾಟಲು ಸಾಧ್ಯವಾಗುವುದು ಆ ಮೋಟರ್ 15,000 ಸುತ್ತಿಗೂ ಹೆದರದೆ ತಿರುಗುತ್ತದೆ ಎಂಬ ಕಾರಣಕ್ಕೆ.